ರಟ್ಟಿನಿಂದ ಶುರುವಾಗುವ ವಿನ್ಯಾಸ ಪಾಠ

ಕೇಳುಗರಿಗೆ ನಮಸ್ಕಾರ. ನಾವು ದಿನವೂ ಹಿಡಿಯುವ, ತಿರುಗಿಸುವ, ಒತ್ತುವ ಸಾಮಾನುಗಳನ್ನು ರೂಪಿಸುವ ವಿದ್ಯೆಗೆ ವಸ್ತುವಿನ್ಯಾಸ ಎಂದು ಹೆಸರು. ಈ ವಿದ್ಯೆಯನ್ನು ಪಾಠ ಕೇಳಿ ಕಲಿಯುವುದಕ್ಕಿಂತ ಸ್ಟುಡಿಯೊದಲ್ಲಿ ಮಾದರಿಗಳನ್ನು ಮಾಡಿ ಕಲಿಯುವುದೇ ಹೆಚ್ಚು. ಆ ಕಲಿಕೆ ನಡೆಯುವ ಬಗೆಯನ್ನು ಇಂದು ತಮ್ಮ ಮುಂದಿಡುತ್ತೇನೆ.

ನಮ್ಮ ದೇಶದಲ್ಲಿ ಇದಕ್ಕೆ ಬುನಾದಿ ಬಿದ್ದದ್ದು 1958ರಲ್ಲಿ. ಭಾರತ ಸರ್ಕಾರದ ಆಹ್ವಾನದ ಮೇಲೆ ಬಂದಿದ್ದ ಅಮೆರಿಕದ ವಿನ್ಯಾಸಕ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ ಆ ವರ್ಷ ಸಲ್ಲಿಸಿದ ವರದಿಯಲ್ಲಿ ನಮ್ಮ ತಂಬಿಗೆಯನ್ನು ಮನಸಾರೆ ಮೆಚ್ಚಿಕೊಂಡರು. ಬರೀ ಮೆಚ್ಚಿ ಸುಮ್ಮನಾಗಲಿಲ್ಲ. ಅಂಥದೊಂದು ಪಾತ್ರೆಯನ್ನು ಹೊಸದಾಗಿ ರೂಪಿಸಬೇಕಾದರೆ ಅದು ಎಷ್ಟು ನೀರು ಹಿಡಿಯಬೇಕು, ಹೊರುವ ಕೈ ಎಂಥದು, ಸೊಂಟದ ಮೇಲೆ ಹೇಗೆ ಕೂರುತ್ತದೆ, ತುಂಬಿದಾಗಲೂ ಬರಿದಾದಾಗಲೂ ಅದರ ತೂಕ ಎಲ್ಲಿ ನಿಲ್ಲುತ್ತದೆ, ತೊಳೆಯುವುದು ಸುಲಭವೇ, ಹಳೆಯದಾದ ಮೇಲೆ ಲೋಹಕ್ಕೆ ಏನು ಬೆಲೆ ಬಂದೀತು ಎಂದು ಪ್ರಶ್ನೆಗಳ ಸಾಲನ್ನೇ ಬರೆದರು. ಆ ವರದಿಯ ಬೆನ್ನಲ್ಲೇ, 1961ರಲ್ಲಿ, ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಆರಂಭವಾಯಿತು. ಇಂದು ಮುಂಬಯಿಯ ಐಐಟಿಯಲ್ಲೂ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಈ ವಿಷಯದಲ್ಲಿ ಸ್ನಾತಕೋತ್ತರ ಪದವಿ ಪಡೆಯಬಹುದು.

ಸ್ಟುಡಿಯೊ ಪ್ರಾಜೆಕ್ಟ್ ಎಂದರೆ ಏನೆಂಬುದಕ್ಕೆ ಒಂದು ಉದಾಹರಣೆ ನೋಡೋಣ. ಮಂಡಿನೋವಿನಿಂದಾಗಿ ನೆಲದ ಮೇಲೆ ಕೂರಲಾಗದವರು ತೆಂಗಿನಕಾಯಿ ತುರಿಯಲು ಒಂದು ಸಾಧನ ರೂಪಿಸಬೇಕು ಎಂದು ವಿದ್ಯಾರ್ಥಿನಿಯೊಬ್ಬಳಿಗೆ ಹೇಳಿದ್ದಾರೆ ಎಂದಿಟ್ಟುಕೊಳ್ಳಿ. ಹೊಸಬರಿಗೆ ಕೂಡಲೇ ಕಂಪ್ಯೂಟರಿನಲ್ಲಿ ಚಿತ್ರ ಬರೆಯುವ ಆತುರ. ಆದರೆ ತಿಳಿದ ಮೇಷ್ಟರು ಅವಳನ್ನು ಮೊದಲು ಅಡುಗೆಮನೆಗೆ ಕಳುಹಿಸುತ್ತಾರೆ. ಅಲ್ಲಿ ಕಣ್ಣಿಟ್ಟು ನೋಡಿದರೆ ಕಾಣುವುದು ಬಹಳ. ಈಳಿಗೆಮಣೆ ಕದಲದಂತೆ ಹಿಡಿದಿರುವುದು ಕೂತವರ ಮೈಭಾರ. ಹಾಗಾಗಿ ಎರಡೂ ಕೈಗಳು ಬಿಡುವಾಗಿದ್ದು, ಕಾಯಿಹೋಳನ್ನು ಹಲ್ಲಿನ ಮೇಲೆ ಒತ್ತಿ ತಿರುಗಿಸುತ್ತವೆ. ಕರಟದ ಪಕ್ಕದ ಕಂದು ಪದರ ಹತ್ತಿರವಾದಂತೆ, ಕಣ್ಣು ಬೇರೆಡೆಗಿದ್ದರೂ, ಪಳಗಿದ ಕೈ ತಾನಾಗಿಯೇ ಹೋಳನ್ನು ಇನ್ನೊಂದು ಬದಿಗೆ ಹೊರಳಿಸುತ್ತದೆ. ಅದೇ ಮಣೆಯನ್ನು ಅಡುಗೆಕಟ್ಟೆಯ ಮೇಲೆ ಇಟ್ಟರೆ ಮೈಭಾರದ ಆಸರೆ ತಪ್ಪಿಹೋಗುತ್ತದೆ. ಅಂಗಡಿಯಲ್ಲಿ ಸಿಗುವ, ಹಿಡಿ ತಿರುಗಿಸಿ ತುರಿಯುವ ಸಾಧನಗಳ ರಬ್ಬರಿನ ಬುಡ ನುಣುಪಾದ ಗ್ರಾನೈಟಿಗೆ ಕಚ್ಚಿಕೊಳ್ಳುತ್ತದೆಯೇ ಹೊರತು ಒರಟು ಕಲ್ಲಿಗೆ ಕಚ್ಚಿಕೊಳ್ಳುವುದಿಲ್ಲ. ಜೊತೆಗೆ ಒಂದು ಕೈ ಹಿಡಿಗೇ ಮೀಸಲಾಗುವುದರಿಂದ ಕಾಯಿಯನ್ನು ಒತ್ತಲು ಉಳಿಯುವುದು ಒಂದೇ ಕೈ. ಮೈಭಾರ ಮಾಡುತ್ತಿದ್ದ ಕೆಲಸವನ್ನು ಇನ್ನು ಯಾವುದು ಮಾಡಬೇಕು ಎಂಬುದೇ ನಿಜವಾದ ಸಮಸ್ಯೆ ಎಂದು ವಿದ್ಯಾರ್ಥಿನಿಗೆ ಹೊಳೆಯುವುದು ಇಲ್ಲಿಯೇ.

ಮಾದರಿಗಳ ಕೆಲಸ ಶುರುವಾಗುವುದು ಆಮೇಲೆ. ಒಂದೇ ಮಾದರಿಯಿಂದ ಎಲ್ಲವನ್ನೂ ತಿಳಿಯಲು ಹೊರಡುವುದು ಕಲಿಯುವವರಲ್ಲಿ ನಾನು ಕಾಣುವ ಸಾಮಾನ್ಯ ತಪ್ಪು. ಎತ್ತರ ಎಷ್ಟಿರಬೇಕೆಂದು ತಿಳಿಯಲು ಹೊಸದೇನನ್ನೂ ಕಟ್ಟಬೇಕಾಗಿಲ್ಲ. ಇರುವ ಮಣೆಯನ್ನೇ ಸ್ಟೂಲಿಗೆ ಬಿಗಿದು, ಅಡಿಗೆ ಹಲಗೆಗಳನ್ನು ಒಂದೊಂದಾಗಿ ಸೇರಿಸುತ್ತ ಹೋದರೆ ಸಾಕು. ಕಟ್ಟೆಯ ಮೇಲೆ ಅದು ಎಷ್ಟು ಜಾಗ ತಿನ್ನುತ್ತದೆ ಎಂಬುದನ್ನು ರಟ್ಟಿನ ಮಾದರಿ ಹೇಳುತ್ತದೆ. ಕೈ ಊರುವ ಜಾಗದ ಉಬ್ಬುತಗ್ಗುಗಳಿಗೆ ಥರ್ಮೋಕೋಲನ್ನು ಕೊರೆದು, ಉಜ್ಜಿ, ಹಿಡಿದು ನೋಡಬೇಕು. ಆದರೆ ಕಾಯಿಯನ್ನು ಒತ್ತಿದಾಗ ಬುಡ ನಿಲ್ಲುತ್ತದೆಯೋ ಜಾರುತ್ತದೆಯೋ ಎಂಬುದಕ್ಕೆ ರಟ್ಟೂ ಥರ್ಮೋಕೋಲೂ ಉತ್ತರ ಕೊಡಲಾರವು. ಅದಕ್ಕೆ ಪ್ಲೈವುಡ್, ಕಟ್ಟೆಯ ಅಂಚನ್ನು ಕಚ್ಚುವ ಕ್ಲಾಂಪು ಮತ್ತು ನಿಜವಾದ ಉಕ್ಕಿನ ಹಲ್ಲೇ ಬೇಕು. ಹೀಗೆ ಒಂದೊಂದು ಪ್ರಶ್ನೆಗೂ ಸೂಕ್ತವಾದ ಅತಿ ಅಗ್ಗದ ವಸ್ತುವನ್ನು ಆರಿಸುವ ವಿವೇಕಕ್ಕೆ ಹಳೆಯ ಪರಂಪರೆಯೂ ಇದೆ: 1920ರ ದಶಕದಲ್ಲಿ ಜರ್ಮನಿಯ ಬೌಹೌಸ್ ಎಂಬ ವಿನ್ಯಾಸ ಶಾಲೆಯಲ್ಲಿ ಜೋಸೆಫ್ ಆಲ್ಬರ್ಸ್ ಹೊಸ ವಿದ್ಯಾರ್ಥಿಗಳ ಕೈಗೆ ಬರೀ ಕಾಗದ ಕೊಟ್ಟು, ಅದನ್ನು ಪೋಲುಮಾಡದೆ ಏನಾದರೂ ಕಟ್ಟಿ ತೋರಿಸಿ ಎನ್ನುತ್ತಿದ್ದರು.

ಕೆಲಸ ಮಾಡುವ ಮಾದರಿ ಸಿದ್ಧವಾದೊಡನೆ ಅದನ್ನು ನಿಜವಾಗಿ ಬಳಸುವವರ ಕೈಗೆ ಕೊಡಬೇಕು. ಕೊಟ್ಟ ಮೇಲೆ ವಿದ್ಯಾರ್ಥಿನಿ ಬಾಯಿ ತೆರೆಯಬಾರದು ಎಂಬುದು ಸ್ಟುಡಿಯೊದ ನಿಯಮ. ಹಿರಿಯರೊಬ್ಬರು ತಟ್ಟೆಯನ್ನು ಎಲ್ಲಿಡಲಿ ಎಂದು ಒಂದು ಕ್ಷಣ ತಡವರಿಸಿದರೆ, ತುರಿ ಬೀಳುವ ಜಾಗ ಕಣ್ಣಿಗೆ ಕಾಣುವಂತಿಲ್ಲ ಎಂದು ಅರ್ಥ. ಹಲ್ಲಿನ ಸಂದಿಯಲ್ಲಿ ಸಿಕ್ಕಿದ ಚೂರನ್ನು ಅವರು ಬೆರಳಿನಿಂದ ತೆಗೆಯಲು ಹೋದರೆ ಅದು ಅಪಾಯದ ಸೂಚನೆ. "ಚೆನ್ನಾಗಿದೆಯಮ್ಮ" ಎಂಬ ಅವರ ಮೆಚ್ಚುಗೆಯಿಂದ ತಿಳಿಯುವುದು ಕಡಿಮೆ. ನಮ್ಮ ಜನ ಮಕ್ಕಳ ಮನಸ್ಸು ನೋಯಿಸಲು ಇಷ್ಟಪಡುವುದಿಲ್ಲವಷ್ಟೆ.

ಈಚೆಗೆ ಅನೇಕ ಸ್ಟುಡಿಯೊಗಳಿಗೆ ತ್ರೀಡಿ ಪ್ರಿಂಟರ್, ಅಂದರೆ ಕಂಪ್ಯೂಟರಿನಲ್ಲಿ ಬರೆದ ರೂಪವನ್ನು ಪದರ ಪದರವಾಗಿ ಕಟ್ಟಿ ವಸ್ತುವಾಗಿಸುವ ಯಂತ್ರ, ಬಂದಿದೆ. ಗೇರಿನ ಹಲ್ಲಿನಂಥ ನಾಜೂಕು ಭಾಗಗಳಿಗೆ ಅದು ಬಹಳ ಉಪಕಾರಿ. ಆದರೆ ಮೊದಲ ವಾರವೇ ಅದರತ್ತ ಓಡಿದವರಿಗೆ ನುಣುಪಾದ ವಸ್ತುವೊಂದು ಕೈಗೆ ಬಂದುಬಿಡುತ್ತದೆ, ಅದನ್ನು ಒಡೆದು ಬದಲಾಯಿಸುವ ಮನಸ್ಸೇ ಬರುವುದಿಲ್ಲ. ರಟ್ಟಿಗಾದರೆ ಬ್ಲೇಡು ಹಾಕಲು ಯಾರೂ ಹಿಂಜರಿಯರು.

ಕೊನೆಗೆ ಜ್ಯೂರಿ, ಅಂದರೆ ವಿದ್ಯಾರ್ಥಿಯ ಕೆಲಸವನ್ನು ಪರೀಕ್ಷಕರು ನೋಡಿ ಅಂಕ ಕೊಡುವ ಹಂತ. ಇಲ್ಲಿ ನನ್ನದೊಂದು ತಕರಾರಿದೆ. ಅನೇಕ ಕಡೆ ಬಣ್ಣ ಬಳಿದು ಮೆರುಗು ಕೊಟ್ಟ ಕಡೆಯ ಮಾದರಿಯೊಂದೇ ಮೇಜಿನ ಮೇಲಿರುತ್ತದೆ, ಅಂಕಗಳೂ ಅದಕ್ಕೇ ಬೀಳುತ್ತವೆ. ಸ್ಟೂಲಿಗೆ ಬಿಗಿದ ಮಣೆಯ ಫೋಟೋದಿಂದ ಹಿಡಿದು ಜಾರಿದ ಪ್ಲೈವುಡ್ಡಿನವರೆಗೆ ಎಲ್ಲವನ್ನೂ ಮಾಡಿದ ಕ್ರಮದಲ್ಲೇ ಸಾಲಾಗಿ ಇಡಿಸಿ, ಇದರಿಂದ ಏನು ತಿಳಿಯಿತು, ಇದನ್ನು ಏಕೆ ಕೈಬಿಟ್ಟಿರಿ ಎಂದು ಒಂದೊಂದರ ಬಗ್ಗೆಯೂ ಕೇಳುವುದು ಸರಿಯಾದ ಪರೀಕ್ಷೆ. ಅರ್ಧದಷ್ಟು ಅಂಕವನ್ನಾದರೂ ಆ ಉತ್ತರಗಳಿಗೆ ಮೀಸಲಿಡಬೇಕು ಎಂಬುದು ನನ್ನ ಅಭಿಪ್ರಾಯ. ನಮಸ್ಕಾರ.