ಗಾಳಿಗೆ ಮರೆ

ನಮಸ್ಕಾರ ಕೇಳುಗರೆ.

ಟೋಪಿ ಹೋದದ್ದರಿಂದಲೇ ಶುರು ಮಾಡುತ್ತೇನೆ. ಬಸ್ಸಿಳಿದು ಏರು ಹತ್ತಿ, ಕೊನೆಯ ತಿರುವು ದಾಟಿದ್ದೆ ಅಷ್ಟೆ. ತಲೆಯ ಮೇಲಿದ್ದ ಉಣ್ಣೆ ಟೋಪಿಯನ್ನು ಗಾಳಿ ಕಿತ್ತುಕೊಂಡಿತು. ಹಾರಿಸಿತು ಅನ್ನೋಕಾಗಲ್ಲ, ಕಿತ್ತುಕೊಂಡಿತು. ಅದು ಗೋಡೆಯಾಚೆ ಒಂದು ಸಲ ಮೇಲೆದ್ದು, ಕಡಲಿನ ಕಡೆ ಜಾರಿ, ಮಾಯವಾಯಿತು. ಜೂನ್ ತಿಂಗಳ ಕೊನೆಯ ವಾರ. ಅಲ್ಲಿನವರ ಲೆಕ್ಕದಲ್ಲಿ ಬೇಸಿಗೆ!

ಜಾಗದ ಹೆಸರು ಸಂಬರೋ ಹೆಡ್. ಸ್ಕಾಟ್ಲೆಂಡಿನ ಮುಖ್ಯ ನೆಲದಿಂದ ಇನ್ನೂ ಉತ್ತರಕ್ಕೆ, ಸಮುದ್ರದ ನಡುವೆ, ಶೆಟ್ಲೆಂಡ್ ಅಂತ ದ್ವೀಪಗಳ ಗುಂಪಿದೆ. ನೂರಕ್ಕೂ ಜಾಸ್ತಿ ದ್ವೀಪಗಳು, ಜನ ಇರುವುದು 16ರಲ್ಲಿ. ಅವುಗಳಲ್ಲಿ ದೊಡ್ಡದರ ದಕ್ಷಿಣದ ತುದಿಯೇ ಈ ಭೂಶಿರ. ಒಂದು ಕಡೆ ಅಟ್ಲಾಂಟಿಕ್, ಇನ್ನೊಂದು ಕಡೆ ಉತ್ತರ ಸಮುದ್ರ. ಎರಡರ ನೀರೂ ತುದಿಯ ಮುಂದೆ ತಳ್ಳಾಡುತ್ತವೆ. ಮೇಲಿನಿಂದ ನೋಡಿದರೆ ಅಷ್ಟಗಲ ನೀರು ಮಾತ್ರ ಕೊತಕೊತ ಕುದಿಯುವ ಹಾಗೆ ಕಾಣುತ್ತದೆ. ಆ ಸೆಳವಿಗೆ ಅಲ್ಲಿ ರೂಸ್ಟ್ ಅನ್ನುತ್ತಾರೆ.

ನಾನು ಲೈಟ್‌ಹೌಸಿನ ದಾರಿಯ ಪಕ್ಕದ ಮೋಟುಗೋಡೆಯ ಹಿಂದೆ ಕುಕ್ಕರಗಾಲಲ್ಲಿ ಕೂತೆ. ಕೂತ ತಕ್ಷಣ ಗಾಳಿ ನಿಂತಿತು. ನಿಂತಿರಲಿಲ್ಲ, ತಲೆಯ ಮೇಲೆ ಹಾದುಹೋಗುತ್ತಿತ್ತು ಅಷ್ಟೆ. ಆ ಕ್ಷಣದಿಂದ ನನಗೊಂದು ಚಾಳಿ ಅಂಟಿಕೊಂಡಿತು. ಅವತ್ತು ಏನು ನೋಡಿದರೂ, ಇದಕ್ಕೆ ಗಾಳಿಗೆ ಮರೆ ಎಲ್ಲಿದೆ ಅಂತ ಮೊದಲು ಹುಡುಕುತ್ತಿದ್ದೆ.

ಮೆಲ್ಲಗೆ ಗೋಡೆಯ ಮೇಲಿಂದ ಇಣುಕಿದೆ. ಒಂದು ಮೊಳ ದೂರದಲ್ಲಿ ಪಫಿನ್ ಹಕ್ಕಿ ಕೂತಿತ್ತು.

ಚಿತ್ರದಲ್ಲಿ ನೋಡಿದವರು ಪಫಿನ್ ಬಾತುಕೋಳಿಯಷ್ಟು ದೊಡ್ಡದು ಅಂದುಕೊಂಡಿರುತ್ತಾರೆ. ನಾನೂ ಹಾಗೇ ತಿಳಿದಿದ್ದೆ. ಕೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಅರ್ಧ ಕಿಲೋ ಕೂಡ ತೂಗುವುದಿಲ್ಲ. ಬೆನ್ನು ಕಪ್ಪು, ಹೊಟ್ಟೆ ಬಿಳಿ, ಕಾಲು ಕಿತ್ತಳೆ ಬಣ್ಣ. ಕೊಕ್ಕಿನ ಮೇಲೆ ಬೂದು, ಹಳದಿ, ಕೆಂಪು ಪಟ್ಟೆ. ಚಳಿಗಾಲ ಬರುವ ಹೊತ್ತಿಗೆ ಕೊಕ್ಕಿನ ಈ ಬಣ್ಣದ ಹೊದಿಕೆ ಕಳಚಿಬೀಳುತ್ತದಂತೆ, ಆಟ ಮುಗಿದ ಮೇಲೆ ವೇಷ ಕಳಚಿದ ಹಾಗೆ. ನಾನು ನೋಡಿದ ಹಕ್ಕಿಯ ಕೊಕ್ಕಿನಲ್ಲಿ ಏಳೆಂಟು ಮೀನು ಅಡ್ಡಡ್ಡ ನೇತಾಡುತ್ತಿದ್ದವು. ಬೆರಳುದ್ದದ, ಬೆಳ್ಳಿ ಬಣ್ಣದ ತೆಳು ಮೀನು. ಸ್ಯಾಂಡ್‌ಈಲ್ ಅನ್ನುತ್ತಾರೆ. ಬಾಯಿ ತೆರೆದು ಎರಡನೇ ಮೀನು ಹಿಡಿಯುವಾಗ ಮೊದಲನೆಯದು ಬೀಳಬೇಕು, ಅಲ್ವಾ? ಬೀಳುವುದಿಲ್ಲ. ಅಂಗುಳಿನಲ್ಲಿ ಹಿಂದಕ್ಕೆ ಬಾಗಿದ ಮುಳ್ಳುಗಳಿವೆ. ಹಿಡಿದ ಮೀನನ್ನು ನಾಲಿಗೆಯಿಂದ ಅವಕ್ಕೆ ಒತ್ತಿ ಹಿಡಿದುಕೊಂಡೇ ಮುಂದಿನ ಬೇಟೆ.

ಹಕ್ಕಿ ನನ್ನನ್ನು ಒಂದು ಸಲ ನೋಡಿತು. ಆಮೇಲೆ ದುಡುದುಡು ನಡೆದು ಹುಲ್ಲಿನ ನಡುವಿನ ಬಿಲದೊಳಗೆ ಹೋಯಿತು. ವರ್ಷಕ್ಕೆ ಒಂದೇ ಮೊಟ್ಟೆ, ಒಂದೇ ಮರಿ, ಅದೂ ಮಣ್ಣಿನೊಳಗೆ. ಏಪ್ರಿಲ್ ಹೊತ್ತಿಗೆ ಬಂದವು ಆಗಸ್ಟ್ ಹೊತ್ತಿಗೆ ಹೊರಟುಬಿಡುತ್ತವೆ. ಮಿಕ್ಕ ತಿಂಗಳೆಲ್ಲ ನಡುಗಡಲಿನಲ್ಲೇ ವಾಸ. ಶೆಟ್ಲೆಂಡಿನವರು ಇದನ್ನು ಟ್ಯಾಮಿ ನೋರಿ ಅಂತ ಕರೆಯುತ್ತಾರೆ, ಪಕ್ಕದ ಮನೆ ಹುಡುಗನನ್ನು ಕರೆದ ಹಾಗೆ.

ಮರೆಯೇ ಇಲ್ಲದವೂ ಇವೆ. ಗೋಡೆಯುದ್ದಕ್ಕೂ ಮುಂದೆ ಹೋದರೆ ನೆಲ ಕತ್ತರಿಸಿದ ಹಾಗೆ ನೇರ ಕಡಲಿಗೆ ಇಳಿಯುತ್ತದೆ. ಆ ಬಂಡೆಯ ಅಂಚುಗಳಲ್ಲಿ ಗಿಲಿಮಾಟ್ ಹಕ್ಕಿಗಳು ಭುಜಕ್ಕೆ ಭುಜ ತಾಗಿಸಿ ನಿಂತಿರುತ್ತವೆ. ಗೂಡಿಲ್ಲ, ಒಂದು ಕಡ್ಡಿಯೂ ಇಲ್ಲ. ಬರೀ ಬಂಡೆಯ ಮೇಲೆ ಮೊಟ್ಟೆ. ಮೊಟ್ಟೆಯ ಒಂದು ತುದಿ ಚೂಪು. ಉರುಳಿದರೂ ಕೆಳಗೆ ಬೀಳದೆ ಗುಂಡಗೆ ಸುತ್ತಲಿ ಅಂತ ಈ ಆಕಾರ ಎಂದು ಹಿಂದೆ ಹೇಳುತ್ತಿದ್ದರು. ಇಳಿಜಾರಿನಲ್ಲೂ ಅಲುಗಾಡದೆ ಕೂರಲಿ ಅಂತ ಇರಬೇಕು ಅನ್ನುವವರು ಈಗ ಇದ್ದಾರೆ. ಮರಿಗೆ ಮೂರು ವಾರ ತುಂಬುವಷ್ಟರಲ್ಲಿ, ಇನ್ನೂ ಹಾರಲು ಬಾರದಿದ್ದರೂ, ಅಷ್ಟೆತ್ತರದಿಂದ ಕಡಲಿಗೆ ಜಿಗಿಯುತ್ತದೆ. ಕೆಳಗೆ ನೀರಿನಲ್ಲಿ ಅಪ್ಪ ಜೊತೆಯಾಗುತ್ತಾನೆ. ಅಮ್ಮ ಅಲ್ಲ, ಅಪ್ಪ.

ಸ್ಯಾಂಡ್‌ಈಲ್ ಕಡಿಮೆಯಾದ ವರ್ಷ ಈ ಸಂಸಾರವೆಲ್ಲ ಏರುಪೇರು. ಕಿಟಿವೇಕ್ ಎಂಬ ಕಡಲಹಕ್ಕಿಗಳಂತೂ ಶೆಟ್ಲೆಂಡಿನಲ್ಲಿ ತುಂಬಾ ಕಡಿಮೆಯಾಗಿವೆ. 2024ರಲ್ಲಿ ಸ್ಕಾಟ್ಲೆಂಡಿನ ನೀರಿನಲ್ಲೆಲ್ಲ ಸ್ಯಾಂಡ್‌ಈಲ್ ಹಿಡಿಯುವುದನ್ನು ನಿಲ್ಲಿಸಿದರು. ನನ್ನ ಮಟ್ಟಿಗೆ ಆ ಕೆಲಸ ಇನ್ನೂ ಬೇಗ ಆಗಬೇಕಿತ್ತು.

ಈಗ ನನ್ನ ಪೆದ್ದುತನದ ಕಥೆ. ಫೋಟೋ ಆಸೆಗೆ ಗೋಡೆಯ ಸಂದಿಯ ಹತ್ತಿರ ಬಗ್ಗಿದೆ. ಅಲ್ಲೇ ಫಲ್ಮರ್ ಹಕ್ಕಿ ಕಾವಿಗೆ ಕೂತಿತ್ತು. ನೋಡಲು ಸಾಧು. ಕೊಕ್ಕು ತೆರೆಯಿತು, ಕೂಗುತ್ತದೆ ಅಂದುಕೊಂಡೆ. ಉಗಿಯಿತು. ಹೊಟ್ಟೆಯಲ್ಲಿ ಕೂಡಿಟ್ಟ ಎಣ್ಣೆಯನ್ನು ಗುರಿ ಇಟ್ಟು ಉಗಿಯುವುದೇ ಅದರ ಆಯುಧ. ಜಾಕೆಟ್ಟಿನ ತೋಳಿನ ಮೇಲೆ ಬೆಚ್ಚಗೆ, ಹಳದಿಯಾಗಿ ಬಿತ್ತು. ವಾಸನೆ? ಕೊಳೆತ ಮೀನು ಇದಕ್ಕಿಂತ ವಾಸಿ. ತಪ್ಪು ನನ್ನದೇ ಬಿಡಿ, ಬಾಗಿಲು ತಟ್ಟದೆ ಬಾಣಂತಿ ಕೋಣೆಗೆ ನುಗ್ಗಿದ ಹಾಗಾಯಿತು.

ದೀಪಸ್ತಂಭದ ಬಗ್ಗೆ ಎರಡೇ ಮಾತು. ಕಟ್ಟಿಸಿದ್ದು ರಾಬರ್ಟ್ ಸ್ಟೀವನ್‌ಸನ್, ದೀಪ ಹಚ್ಚಿದ್ದು 1821ರಲ್ಲಿ. ಮಳೆಗಾಳಿಯ ಥಂಡಿ ಒಳಗೆ ಇಳಿಯದಿರಲಿ ಅಂತ ಜೋಡಿಗೋಡೆ ಎಬ್ಬಿಸಿದ್ದಾರೆ. ನೋಡಿ, ಇಲ್ಲೂ ಅದೇ ಮರೆಯ ಚಿಂತೆ. ಇದೇ ಸ್ಟೀವನ್‌ಸನ್ 1814ರಲ್ಲಿ ದೀಪಸ್ತಂಭಗಳ ತಪಾಸಣೆಗೆ ಹಡಗಿನಲ್ಲಿ ಹೊರಟಾಗ ವಾಲ್ಟರ್ ಸ್ಕಾಟ್ ಜೊತೆಗಿದ್ದ. ಆಗ ಈ ಭೂಶಿರದ ಮೇಲೆ ದೀಪ ಇರಲಿಲ್ಲ. ಕವಿತೆ ಕಟ್ಟಲು ಒಳ್ಳೇ ಜಾಗ ಅಂತ ಸ್ಕಾಟ್‌ಗೆ ಅನ್ನಿಸಿತಂತೆ. ಆದರೆ ಕಟ್ಟಲಿಲ್ಲ. ಹುಲ್ಲಿನ ಇಳಿಜಾರಿನಲ್ಲಿ ಕೂತು ನೂರಾರು ಅಡಿ ಸುಯ್ಯನೆ ಜಾರಿದ, ಮಕ್ಕಳ ಹಾಗೆ. ದಿನಚರಿಯಲ್ಲಿ ತಾನೇ ಬರೆದಿಟ್ಟಿದ್ದಾನೆ. ಅಷ್ಟು ದೊಡ್ಡ ಲೇಖಕನ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಇದನ್ನು ಓದಿದ ಮೇಲೆ.

ನಾನು ಜಾರಲಿಲ್ಲ, ರಸ್ತೆಯಲ್ಲೇ ಇಳಿದೆ. ಕೆಳಗೆ ಕಡಲ ದಂಡೆಯಲ್ಲಿ ಯಾರ್ಲ್ಸ್‌ಹಾಫ್ ಇದೆ. ಹೆಸರು ಕೇಳಿದರೆ ಹಳೆಯದು ಅನ್ನಿಸುತ್ತದೆ, ಆದರೆ ಅದು ಸ್ಕಾಟ್ ತನ್ನ ಕಾದಂಬರಿಗಾಗಿ ಹುಟ್ಟಿಸಿದ ಹೆಸರು. ಅವನ ಕಾಲದಲ್ಲಿ ಕಾಣುತ್ತಿದ್ದದ್ದು ಜಮೀನ್ದಾರರ ಒಂದು ಪಾಳುಮನೆ. ಮಿಕ್ಕದ್ದು ಮಣ್ಣಿನಡಿ ಮಲಗಿತ್ತು. 1890ರ ದಶಕದ ಕೊನೆಯಲ್ಲಿ ಬಿರುಗಾಳಿ ಬಂದು ದಂಡೆಯನ್ನು ಕೆರೆದುಹಾಕಿತು. ಒಳಗಿನ ಗೋಡೆಗಳು ಹೊರಗೆ ಇಣುಕಿದವು. ಅಗೆದಂತೆಲ್ಲ ಊರಿನ ಮೇಲೆ ಊರು. ಕ್ರಿಸ್ತಪೂರ್ವ 2500ರ ಸುಮಾರಿನಿಂದ 17ನೇ ಶತಮಾನದವರೆಗೆ ಜನ ಬಾಳಿದ ಜಾಗ ಅದು. ಕಂಚಿನ ಯುಗದ ಮನೆಗಳು, ಕಬ್ಬಿಣ ಯುಗದ ದುಂಡು ಗೋಪುರ, ಅದರಲ್ಲಿ ಒಂದು ಭಾಗ ಆಗಲೇ ಕಡಲಪಾಲು, ವೈಕಿಂಗರ ಉದ್ದುದ್ದ ಮನೆಗಳು, ಕೊನೆಗೆ ಆ ಪಾಳುಮನೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಕಂಚಿನ ಯುಗದ ಒಂದು ಕೊಟ್ಟಿಗೆ. ಗೋಡೆಯಲ್ಲಿ ತಿಮಿಂಗಿಲದ ಬೆನ್ನುಮೂಳೆಯ ಒಂದು ಗೆಣ್ಣನ್ನು ಕೂರಿಸಿದ್ದಾರೆ. ದನ ಕಟ್ಟುವುದಕ್ಕೆ ಇರಬೇಕು. ಗಂಜಲ ಹರಿದುಹೋಗಲು ಕಲ್ಲಿನ ಕಾಲುವೆ ಬೇರೆ, ಅಂಗಳದ ಗುಂಡಿಯವರೆಗೆ. ಮರಗಳು ಅಪರೂಪವಾದ ನೆಲದಲ್ಲಿ ಗೂಟಕ್ಕೆ ಮರ ಎಲ್ಲಿಂದ ತರೋದು? ಕಡಲು ಮೂಳೆ ಕೊಟ್ಟಿತು, ಅದನ್ನೇ ಹುಗಿದರು. ಮೂಳೆ ಸವೆದಿದೆ, ತೂತುತೂತಾಗಿದೆ. ಹಗ್ಗ ಕಟ್ಟಿದ ಕೈ ಯಾರದೋ. ಗೊಬ್ಬರದ ಬೆಲೆ ಮಾತ್ರ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಆಚೆಗೆ ಚಕ್ರಮನೆಗಳು. ದುಂಡನೆಯ ಗೋಡೆ, ಒಳಗೆ ಗಾಡಿಚಕ್ರದ ಅರೆಕಾಲುಗಳ ಹಾಗೆ ಕಲ್ಲಿನ ಅಡ್ಡಗೋಡೆಗಳು, ನಡುವೆ ಒಲೆ. ಉದ್ದ ತೊಲೆ ಸಿಗದ ಕಡೆ ಮೇಲ್ಛಾವಣಿ ಕಟ್ಟಲು ಇದು ಜಾಣ ಉಪಾಯ. ನಾನು ಒಂದು ಗೂಡಿನೊಳಗೆ ತಲೆ ತಗ್ಗಿಸಿ ನುಗ್ಗಿ ನಿಂತೆ. ಗಾಳಿಯ ಸದ್ದು ಪಟ್ಟನೆ ನಿಂತಿತು. ಬೆಳಗ್ಗೆಯಿಂದ ಮೊದಲ ಸಲ ನನ್ನ ಉಸಿರು ನನಗೇ ಕೇಳಿಸಿತು. ಜೊತೆಗೆ ಜಾಕೆಟ್ಟಿನ ತೋಳಿನ ವಾಸನೆಯೂ ಚೆನ್ನಾಗಿ ಬಂತು. ಹೊರಗೆ ಗಾಳಿ ಅದನ್ನು ಹೊತ್ತೊಯ್ಯುತ್ತಿತ್ತಲ್ಲ.

ಸಂಜೆಯ ಬಸ್ಸು. ಸಂಜೆ ಅಂದರೆ ಗಡಿಯಾರದ ಲೆಕ್ಕಕ್ಕೆ, ಬೆಳಕು ಇನ್ನೂ ಹಾಗೇ ಇತ್ತು. ಅಲ್ಲಿ ರಸ್ತೆ ವಿಮಾನದ ರನ್‌ವೇಯನ್ನು ಅಡ್ಡ ದಾಟುತ್ತದೆ. ವಿಮಾನ ಬರುವಾಗ, ರೈಲಿಗೆ ಹಾಕಿದ ಹಾಗೆ, ಗೇಟು ಹಾಕುತ್ತಾರೆ. ನಮ್ಮ ಬಸ್ಸೂ ನಿಂತಿತು. ಕಿಟಕಿಗಳೆಲ್ಲ ಮುಚ್ಚಿದ್ದವು. ಮುಂದಿನ ಸೀಟಿನ ಅಜ್ಜಿ ಮೂಗೆಳೆದು ಹಿಂದೆ ತಿರುಗಿದರು. ನನ್ನ ಮುಖ ನೋಡಿದರು, ತೋಳು ನೋಡಿದರು. "ಮಾಲಿ," ಅಂದರು. ತೋಟದ ಮಾಲಿ ಅಲ್ಲ. ಫಲ್ಮರ್‌ಗೆ ಅವರ ಮಾತಿನಲ್ಲಿ ಮಾಲಿ ಅಂತ ಹೆಸರು. ಆಮೇಲೆ ಅಜ್ಜಿ ಎದ್ದು, ತಾವೇ ಕಿಟಕಿಯನ್ನು ನಾಲ್ಕು ಬೆರಳು ತೆರೆದು, ಮಡಿಲಿನಲ್ಲಿದ್ದ ಟೋಪಿಯನ್ನು ಕಿವಿ ಮುಚ್ಚುವಂತೆ ಎಳೆದುಕೊಂಡು ಕೂತರು.