ಕ್ಯಾಸೆಟ್ ಹೋಯ್ತು, ಸ್ಟ್ರೀಮಿಂಗ್ ಬಂತು: ಪದ ಹಾಡುವವರಿಗೆ ದುಡ್ಡು ಎಷ್ಟು ಸಿಗುತ್ತೆ?

[ದೃಶ್ಯ: ಕೊಪ್ಪಳದ ಗವಿಮಠದ ಜಾತ್ರೆ, ಅಂಗಡಿ ಸಾಲು]

ನಮಸ್ಕಾರ. ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆ ತತ್ವಪದ, ಭಜನೆ, ಮೊಹರಂ ಪದ ಹಾಡುವವರು ಊರೂರಿಗೂ ಇದ್ದಾರೆ. ಇವರ ಹಾಡು ಈಗ ಎಲ್ಲರ ಮೊಬೈಲಿನಲ್ಲೂ ಇದೆ. ದುಡ್ಡು?

ಮೊದಲು ಕ್ಯಾಸೆಟ್ ಕಾಲ ನೋಡೋಣ. ಕಂಪನಿಯವರು ಸಾಮಾನ್ಯವಾಗಿ ಒಂದೇ ಸಲ ಇಷ್ಟು ಅಂತ ಕೊಟ್ಟು ಹಾಡಿಸುತ್ತಿದ್ದರು. ಆಮೇಲೆ ಎಷ್ಟೇ ಕ್ಯಾಸೆಟ್ ಹೋಗಲಿ, ಹಾಡಿದವರಿಗೆ ಅಷ್ಟೇ. ಆದರೆ ಸ್ವಂತ ಖರ್ಚಿನಲ್ಲಿ ಕ್ಯಾಸೆಟ್ ಮಾಡಿಸಿ ಜಾತ್ರೆಯಲ್ಲಿ ಮಾರಿದರೆ, ಕೊಂಡವರ ದುಡ್ಡು ನೇರವಾಗಿ ಹಾಡಿದವರ ಕೈಗೇ ಬರುತ್ತಿತ್ತು.

[ಪರದೆಯ ಮೇಲೆ: ಒಂದು ದೊಡ್ಡ ಗಂಟು, ಅದರಿಂದ ಹೊರಡುವ ಬಾಣಗಳು]

ಸ್ಟ್ರೀಮಿಂಗ್, ಅಂದರೆ ಇಂಟರ್ನೆಟ್ಟಿನಲ್ಲೇ ಹಾಡು ಕೇಳಿಸುವ ಆ್ಯಪ್‌ಗಳಲ್ಲಿ ಹಾಗಲ್ಲ. ಅಂಥ ಒಂದು ಆ್ಯಪ್ ಸ್ಪಾಟಿಫೈ ಭಾರತಕ್ಕೆ ಬಂದಿದ್ದು 2019ರಲ್ಲಿ. ಒಂದು ಸಲ ಕೇಳಿದರೆ ಇಷ್ಟು ಪೈಸೆ ಅಂತ ಅಲ್ಲಿ ದರ ಗೊತ್ತುಮಾಡಿಲ್ಲ. ಚಂದಾ, ಜಾಹೀರಾತು ಎಲ್ಲಾ ಸೇರಿ ಒಂದು ಗಂಟಾಗುತ್ತದೆ. ಅದರಲ್ಲಿ ಹೆಚ್ಚುಕಡಿಮೆ ಮೂರನೇ ಎರಡು ಪಾಲು ಹಾಡಿನ ಹಕ್ಕುದಾರರಿಗೆ. ಒಟ್ಟು ಕೇಳಿದ್ದರಲ್ಲಿ ಯಾರ ಹಾಡು ಎಷ್ಟು ಅಂತ ಲೆಕ್ಕ ಹಾಕಿ ಹಂಚುತ್ತಾರೆ.

ಇದರ ಅರ್ಥ ಸ್ವಲ್ಪ ನಿಧಾನವಾಗಿ ನೋಡಿ. ನೀವು ಸಿಂಧನೂರಿನಲ್ಲಿ ಕೂತು, ತಿಂಗಳಿಗೆ 100 ರೂಪಾಯಿ ಕಟ್ಟುತ್ತೀರಿ ಅಂದುಕೊಳ್ಳಿ. ತಿಂಗಳೆಲ್ಲಾ ಒಬ್ಬರೇ ಹಾಡಿದ ತತ್ವಪದ ಕೇಳಿದಿರಿ, ಬೇರೇನೂ ಕೇಳಲಿಲ್ಲ. ಆದರೂ ನಿಮ್ಮ 100 ರೂಪಾಯಿ ಅವರಿಗೆ ಹೋಗುವುದಿಲ್ಲ. ಅದು ಗಂಟಿಗೆ ಬೀಳುತ್ತದೆ. ಅಲ್ಲಿಂದ ಬಹುಪಾಲು ದೇಶವೆಲ್ಲಾ ಕೇಳುವ ಸಿನಿಮಾ ಹಾಡುಗಳಿಗೆ ಹೋಗುತ್ತದೆ. ನನಗಂತೂ ಇದು ನ್ಯಾಯ ಅನ್ನಿಸುವುದಿಲ್ಲ. ಇದರ ಮೇಲೆ ಸ್ಪಾಟಿಫೈನಲ್ಲಿ 2024ರಿಂದ ಇನ್ನೊಂದು ನಿಯಮ: ಒಂದು ಹಾಡನ್ನು 12 ತಿಂಗಳಲ್ಲಿ 1,000 ಸಲವಾದರೂ ಕೇಳಿರಬೇಕು. ಇಲ್ಲದಿದ್ದರೆ ಆ ರೆಕಾರ್ಡಿಂಗ್‌ಗೆ ಏನೂ ಇಲ್ಲ.

ಒಂದು ಒಳ್ಳೆಯದೂ ಇದೆ. ಕ್ಯಾಸೆಟ್ ಒಂದು ಸಲ ಮಾರಿದರೆ ಮುಗೀತು. ಹತ್ತು ವರ್ಷ ಕೇಳಿದರೂ ಮತ್ತೆ ಪೈಸೆ ಇಲ್ಲ. ಇಲ್ಲಿ ಹಾಡು ಕೇಳಿಸುತ್ತಾ ಇರುವಷ್ಟು ದಿನ ಲೆಕ್ಕವೂ ನಡೆಯುತ್ತದೆ.

ಆದರೆ ಆ ಲೆಕ್ಕ ಯಾರ ಹೆಸರಿನಲ್ಲಿ? ನನ್ನ ಪ್ರಕಾರ ಇದೇ ನಿಜವಾದ ಪ್ರಶ್ನೆ. ನಮ್ಮ ಜನ ಜಾಸ್ತಿ ಕೇಳುವುದು ಯೂಟ್ಯೂಬಿನಲ್ಲಿ ಅಲ್ವಾ? ಉದ್ದ ವಿಡಿಯೋಗಳಿಂದ ಜಾಹೀರಾತಿನ ಪಾಲು ಬೇಕಾದರೆ ಚಾನೆಲ್‌ಗೆ 1,000 ಚಂದಾದಾರರು (ಸಬ್‌ಸ್ಕ್ರೈಬರ್‌ಗಳು), ವರ್ಷಕ್ಕೆ 4,000 ಗಂಟೆ ವೀಕ್ಷಣೆ ಬೇಕು. ದುಡ್ಡು ಬರುವುದು ಚಾನೆಲ್ ಇಟ್ಟವರಿಗೆ. ಹಾಡಿದವರಿಗೆ ಸ್ಟುಡಿಯೋದಲ್ಲಿ ಕೈಗಿಟ್ಟ ನೋಟು ಅಷ್ಟೇ ಆದರೆ, ಕ್ಯಾಸೆಟ್ ಕಾಲಕ್ಕೂ ಈಗಿನ ಕಾಲಕ್ಕೂ ಏನು ಫರಕು?

[ಪರದೆಯ ಮೇಲೆ: ಕರಾರು ಪತ್ರ]

ಕಾನೂನಿನ ಪ್ರಕಾರ ರೆಕಾರ್ಡಿಂಗ್‌ನ ಹಕ್ಕು ಅದನ್ನು ಮುಂದೆ ನಿಂತು ಮಾಡಿಸಿದವರದು. ಹಾಗಾಗಿ ಪದ ಹಾಡುವವರೇ, ಸಾಧ್ಯವಾದರೆ ಖರ್ಚು ನೀವೇ ಹಾಕಿ, ನಿಮ್ಮ ಹೆಸರಿನಲ್ಲೇ ಮಾಡಿಸಿ. ಮಾನ್ವಿಯ ಜಗನ್ನಾಥದಾಸರಂಥ ಹಿಂದಿನವರ ಪದಗಳನ್ನು ಯಾರು ಬೇಕಾದರೂ ಹಾಡಬಹುದು. ಆದರೆ ನೀವು ಕೂಡಿಸಿದ ಹೊಸ ಧಾಟಿ ನಿಮ್ಮದು. ಅದರ ಹಕ್ಕನ್ನು ಬೇರೆಯವರಿಗೆ ಬರೆದುಕೊಡುವಾಗ ಅವಧಿ ನಮೂದಿಸದಿದ್ದರೆ 5 ವರ್ಷ ಅಂತಲೇ ಲೆಕ್ಕ. ಬಾಯಿಮಾತಿನಲ್ಲಿ ಹಕ್ಕು ಕೊಟ್ಟರೆ ನಡೆಯುವುದಿಲ್ಲ, ಬರಹ ಮತ್ತು ಸಹಿ ಬೇಕೇ ಬೇಕು. ಎಷ್ಟು ವರ್ಷ, ಪಾಲು ಎಷ್ಟು, ಲೆಕ್ಕ ತೋರಿಸುವವರು ಯಾರು, ಇಷ್ಟನ್ನು ಓದಿಸಿಕೊಂಡು ಸಹಿ ಹಾಕಿ. ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ.