ಅಜ್ಜಿಯ ಬೆಂಡೋಲೆ ಮತ್ತು ಅರ್ಧ ಕ್ಯಾರೆಟ್ ಲೆಕ್ಕ

ಮಡಿಕೇರಿಯಲ್ಲಿ ಇವತ್ತು ಹತ್ತು ಗಂಟೆಯಾದರೂ ಮಂಜು ಬಿಟ್ಟಿಲ್ಲ. ಅಮ್ಮ ಕಿಟಕಿ ಪಕ್ಕ ಕೂತು ಓಲೆ ಬಿಚ್ಚುತ್ತಿದ್ದಾರೆ. ಇದು ನನ್ನ ಅಜ್ಜಿಯ ವಜ್ರದ ಬೆಂಡೋಲೆ. ಒಂದೊಂದರಲ್ಲಿ ಏಳು ಹರಳು, ನಡುವೆ ಒಂದು, ಸುತ್ತ ಆರು. ತಂಗಿಯ ಮದುವೆಗೆ ಇಂಥದ್ದೇ ಒಂದು ಜೊತೆ ಮಾಡಿಸಬೇಕು ಅಂತ ಅಮ್ಮನಿಗೆ ತುಂಬ ಆಸೆ.

ಹೋದ ವಾರ ಒಂದು ಅಂಗಡಿಗೆ ಹೋಗಿದ್ದೆವು. "ಅರ್ಧ ಕ್ಯಾರೆಟ್ ಬರುತ್ತೆ ಅಮ್ಮ, ವಿವಿಎಸ್, ಇಎಫ್" ಅಂದರು. ಅಮ್ಮ ನನ್ನ ಮುಖ ನೋಡಿದರು. ನನಗೂ ಅರ್ಥವಾಗಿರಲಿಲ್ಲ. ಅವತ್ತಿನಿಂದ ಓದಿ, ಕೇಳಿ ತಿಳಿದುಕೊಂಡಿದ್ದನ್ನು ಹೇಳುತ್ತೇನೆ.

ಚಿನ್ನದಲ್ಲಿ ಕ್ಯಾರೆಟ್ ಅಂದರೆ ಶುದ್ಧತೆ. ವಜ್ರದಲ್ಲಿ ಅದು ತೂಕ. ಒಂದು ಕ್ಯಾರೆಟ್ ಅಂದರೆ 200 ಮಿಲಿಗ್ರಾಂ, ಅದರಲ್ಲಿ ನೂರು ಸೆಂಟ್. ಅರ್ಧ ಕ್ಯಾರೆಟ್ ಅಂದರೆ 50 ಸೆಂಟ್. ಆದರೆ ಅವರು ಹೇಳಿದ್ದು ಹದಿನಾಲ್ಕೂ ಹರಳು ಸೇರಿಸಿ! ಹಂಚಿದರೆ ಒಂದಕ್ಕೆ ಸುಮಾರು ಮೂರೂವರೆ ಸೆಂಟ್. ಇಲ್ಲಿ ನೋಡಿ, ಎಡಗೈಯಲ್ಲಿ ಸಾಸಿವೆ, ಬಲಗೈಯಲ್ಲಿ ನಮ್ಮ ತೋಟದ ಕರಿಮೆಣಸು. ಮೂರೂವರೆ ಸೆಂಟಿನ ಹರಳು ಹೆಚ್ಚುಕಡಿಮೆ ಸಾಸಿವೆಯಷ್ಟು ಅಗಲ. 50 ಸೆಂಟಿನ ಒಂಟಿ ಹರಳು ಮೆಣಸಿನ ಕಾಳಿನಷ್ಟು. ದೊಡ್ಡ ಹರಳು ಸಿಗುವುದು ಅಪರೂಪ, ಹಾಗಾಗಿ ತೂಕ ಒಂದೇ ಆದರೂ ಒಂಟಿ ಹರಳಿನ ಬೆಲೆ ಎಷ್ಟೋ ಜಾಸ್ತಿ. "ಒಟ್ಟು ಎಷ್ಟು, ಒಂದೊಂದು ಎಷ್ಟು?" ಅಂತ ಎರಡೂ ಕೇಳಿ.

ಕಾಫಿ ಮಾರುವವರಿಗೆ ಇದು ಬೇಗ ಅರ್ಥವಾಗುತ್ತದೆ. 50 ಕಿಲೋ ಚೀಲ ಅಂದ ಮಾತ್ರಕ್ಕೆ ರೇಟು ಗೊತ್ತಾಗುತ್ತದಾ? ಔಟ್‌ಟರ್ನ್, ಅಂದರೆ ಸಿಪ್ಪೆ ತೆಗೆದ ಮೇಲೆ ಎಷ್ಟು ಬೀಜ ಸಿಗುತ್ತದೆ ಅಂತ ನೋಡಬೇಕು, ಬೀಜದ ಗಾತ್ರ, ಕರಿ ಬೀಜ, ಒಡೆದದ್ದು ಎಲ್ಲ ನೋಡಬೇಕು ಅಲ್ವಾ?

ಇಎಫ್ ಅನ್ನುವುದು ಬಣ್ಣ. ಡಿ ಇಂದ ಜೆಡ್‌ವರೆಗೆ ಅಳೆಯುತ್ತಾರೆ. ಡಿ, ಇ, ಎಫ್ ಬಣ್ಣವೇ ಇಲ್ಲದ ಹರಳು, ಕೆಳಗೆ ಹೋದಂತೆ ಹಳದಿ ಛಾಯೆ. ವಿವಿಎಸ್ ಅಂದರೆ ಹತ್ತು ಪಟ್ಟು ದೊಡ್ಡದು ಮಾಡುವ ಲೂಪ್‌ನಲ್ಲಿ ನುರಿತವರು ನೋಡಿದರೂ ಒಳಗಿನ ಕಲೆ ಕಾಣುವುದು ಕಷ್ಟ. ವಿಎಸ್ ಅದರ ಕೆಳಗೆ, ಎಸ್‌ಐ ಇನ್ನೂ ಕೆಳಗೆ. ಇನ್ನು ಕಟ್, ಅಂದರೆ ಹರಳನ್ನು ಕತ್ತರಿಸಿ ಮುಖ ತೆಗೆದಿರುವ ರೀತಿ. ಹರಳು ಮಿನುಗುವುದು ಮುಖ್ಯವಾಗಿ ಇದರಿಂದಲೇ. ನನ್ನನ್ನು ಕೇಳಿದರೆ ಬಣ್ಣದಲ್ಲಿ ಒಂದು ಮೆಟ್ಟಿಲು ಇಳಿದರೂ ಪರವಾಗಿಲ್ಲ, ಕಟ್‌ನಲ್ಲಿ ಇಳಿಯಬೇಡಿ.

ಸಿವಿಡಿ ಅಂದರೆ ಲ್ಯಾಬ್‌ನಲ್ಲಿ ಬೆಳೆಸಿದ ವಜ್ರ. ಅದೂ ಇಂಗಾಲವೇ, ನಿಜವಾದ ವಜ್ರವೇ. ಅಂಗಡಿಯ ಸಾಮಾನ್ಯ ಟೆಸ್ಟರ್ ಅದನ್ನೂ ವಜ್ರ ಅಂತಲೇ ತೋರಿಸುತ್ತದೆ. ಬೆಲೆ ಮಾತ್ರ ತುಂಬ ಕಡಿಮೆ. ಗಣಿಯದ್ದಾ, ಲ್ಯಾಬ್‌ನದ್ದಾ ಅಂತ ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ತುಸು ನೀಲಿ ಛಾಯೆಯ ಒಳ್ಳೆಯ ವಜ್ರಕ್ಕೆ "ಬ್ಲೂ ಜಾಗರ್" ಅಂತ ಅಜ್ಜಿ ಹೇಳುತ್ತಿದ್ದರು. ದಕ್ಷಿಣ ಆಫ್ರಿಕಾದ ಜಾಗರ್ಸ್‌ಫಾಂಟೇನ್ ಗಣಿಯಿಂದ ಬಂದ ಹೆಸರು ಅದು.

ನಿನ್ನೆ ಲೂಪ್ ಹಿಡಿದು ಈ ಓಲೆ ನೋಡಿದೆ. ನಡುವಿನ ಹರಳಿನ ಅಂಚಿನಲ್ಲಿ ಸಣ್ಣ ಕರಿ ಚುಕ್ಕೆ. ಅಮ್ಮನಿಗೂ ತೋರಿಸಿದೆ. ಒಂದು ಕಣ್ಣು ಮುಚ್ಚಿ ತುಂಬ ಹೊತ್ತು ನೋಡಿದರು. "ಅಮ್ಮ ಇದನ್ನು ಸೀಗೆಪುಡಿ ಹಾಕಿ ತಿಕ್ಕುತ್ತಿದ್ದರು" ಅಂದರು. ಆಮೇಲೆ ಓಲೆ ಮತ್ತೆ ಕಿವಿಗೆ ಹಾಕಿಕೊಂಡರು.